ಯಂತ್ರದ ಎರಡನೆಯ ಬೆಲೆ

ರಾಮನಗರ, ಶಿಡ್ಲಘಟ್ಟಗಳಲ್ಲಿ ಇಂದು ದ್ವಿತಳಿ (ಬೈವೋಲ್ಟೈನ್) ರೇಷ್ಮೆ ಗೂಡು ಬಿಚ್ಚುತ್ತಿರುವ ಸ್ವಯಂಚಾಲಿತ ಯಂತ್ರಗಳಲ್ಲಿ ಹೆಚ್ಚಿನವು ಚೀನಾದಿಂದ ಬಂದವು. ಚೀನಾ ಈ ಯಂತ್ರವನ್ನು ಕಟ್ಟಲು ಕಲಿತದ್ದು ಜಪಾನಿನ ಮಾದರಿಗಳನ್ನು ನೋಡಿ. ಜಪಾನಿಗೆ ಕಾರ್ಖಾನೆಯಲ್ಲಿ ನೂಲು ತೆಗೆಯುವ ಪಾಠ ಸಿಕ್ಕಿದ್ದು ಫ್ರಾನ್ಸ್ ಮತ್ತು ಇಟಲಿಗಳಿಂದ. ಆ ಫ್ರಾನ್ಸ್, ಇಟಲಿಗಳಿಗೆ ರೇಷ್ಮೆಯ ಹುಳುವೇ ಹೋದದ್ದು ಬಹಳ ಹಿಂದೆ ಚೀನಾದಿಂದ. ಹೀಗೆ ಸುತ್ತಿ ಬಂದ ಈ ವಿದ್ಯೆಯ ದಾರಿಯಲ್ಲಿ ಪಡೆದುಕೊಂಡ ಪ್ರತಿಯೊಂದು ದೇಶವೂ ಒಂದು ಹಂತದಲ್ಲಿ ಕೊಡುವ ದೇಶವಾಯಿತು. ಮೈಸೂರು ಸೀಮೆ ಮಾತ್ರ ಹಲವರಿಂದ ಪಡೆಯುತ್ತಲೇ ಬಂತು. ಟಿಪ್ಪುವಿನ ಕಾಲದಲ್ಲಿ ಬಂಗಾಳದಿಂದ ಹುಳು, ಆಮೇಲೆ ಜಪಾನಿನಿಂದ ತರಬೇತುದಾರರು, ಇಟಲಿಯಿಂದ ತಜ್ಞ, ಸ್ವಿಟ್ಜರ್ಲೆಂಡಿನಿಂದ ಮಗ್ಗ, ಈಗ ಚೀನಾದಿಂದ ಯಂತ್ರ. ದೇಶದಲ್ಲೇ ಅತಿ ಹೆಚ್ಚು ಹಿಪ್ಪುನೇರಳೆ ರೇಷ್ಮೆ ತೆಗೆಯುವ ರಾಜ್ಯ ನಮ್ಮದು. ಆದರೂ ನೂಲು ಬಿಚ್ಚುವ ಅತ್ಯುತ್ತಮ ಯಂತ್ರಕ್ಕಾಗಿ ಇನ್ನೂ ಹೊರಗಿನ ಬಾಗಿಲಲ್ಲೇ ನಿಂತಿದ್ದೇವೆ. ಹರವೆ, ಸಂತೇಮರಹಳ್ಳಿ, ಕೊಳ್ಳೇಗಾಲಗಳ ಕಡೆಯ ರೈತ ಬೆಳೆದ ಗೂಡಿಗೆ ಸಿಗುವ ಬೆಲೆಯನ್ನು ಈ ಸಂಗತಿ ನೇರವಾಗಿ ಮುಟ್ಟುತ್ತದೆ. ಆದ್ದರಿಂದ ಹೊರಗಿನಿಂದ ತಂದ ತಂತ್ರಜ್ಞಾನವನ್ನು ಒಂದು ಸಂಸ್ಥೆ ತನ್ನದಾಗಿಸಿಕೊಳ್ಳುವುದು ಹೇಗೆ, ಯಾಕೆ ಕೆಲವು ಸಂಸ್ಥೆಗಳಿಗೆ ಅದು ಸಾಧ್ಯವಾಗಿ ಕೆಲವಕ್ಕೆ ಆಗುವುದಿಲ್ಲ ಎಂಬ ಪ್ರಶ್ನೆ ನಮ್ಮ ಚಾಮರಾಜನಗರ ಜಿಲ್ಲೆಗೆ ದೂರದ್ದಲ್ಲ.

ಈ ಪ್ರಶ್ನೆಗೆ ನನ್ನ ಉತ್ತರ ಒಂದೇ. ತಂತ್ರಜ್ಞಾನಕ್ಕೆ ಎರಡು ಬೆಲೆಗಳಿವೆ. ಮೊದಲನೆಯದು ಯಂತ್ರಕ್ಕೋ ಪರವಾನಗಿಗೋ ಕೊಡುವ ಹಣ. ಅದು ಲೆಕ್ಕಪುಸ್ತಕದಲ್ಲಿ ಬರುತ್ತದೆ, ಸಬ್ಸಿಡಿಯ ಅರ್ಜಿಯಲ್ಲಿ ಬರುತ್ತದೆ, ಉದ್ಘಾಟನೆಯ ಫಲಕದ ಮೇಲೂ ಬರುತ್ತದೆ. ಎರಡನೆಯದು ಆ ಯಂತ್ರ ಯಾಕೆ ಹಾಗೆ ಕೆಲಸ ಮಾಡುತ್ತದೆ ಎಂದು ಬಲ್ಲ ಜನರನ್ನು ಬೆಳೆಸಿ, ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ವರ್ಷಗಟ್ಟಲೆ ತೆರಬೇಕಾದದ್ದು. ಈ ಎರಡನೆಯ ಬೆಲೆ ಎಲ್ಲಿಯೂ ದಾಖಲಾಗುವುದಿಲ್ಲ, ಆದ್ದರಿಂದ ಕೊರತೆ ಬಂದಾಗ ಮೊದಲು ಕತ್ತರಿ ಬೀಳುವುದೂ ಅದಕ್ಕೇ. ಅಮೆರಿಕದ ವಿದ್ವಾಂಸರಾದ ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂಥಾಲ್ 1990ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಇದಕ್ಕೆ ಸಮೀಪದ ವಾದವನ್ನು ಮುಂದಿಟ್ಟರು. ಹೊರಗಿನ ಹೊಸ ಅರಿವಿನ ಬೆಲೆಯನ್ನು ಗುರುತಿಸಿ, ಅರಗಿಸಿಕೊಂಡು, ಬಳಸುವ ಶಕ್ತಿ ಒಂದು ಸಂಸ್ಥೆಗೆ ಬರುವುದು ಅದರೊಳಗೆ ಆಗಲೇ ಇರುವ ಅರಿವಿನಿಂದ ಎಂದು ಅವರು ತೋರಿಸಿದರು. ಸಂಸ್ಥೆಯೊಂದು ಸಂಶೋಧನೆಗೆ ಖರ್ಚು ಮಾಡುವುದು ಹೊಸದನ್ನು ಕಂಡುಹಿಡಿಯಲು ಮಾತ್ರವಲ್ಲ, ಬೇರೆಯವರು ಕಂಡುಹಿಡಿದದ್ದು ತನಗೆ ಅರ್ಥವಾಗಲೆಂದೂ ಹೌದು. ಸಂಶೋಧನೆಯನ್ನು ಐಷಾರಾಮವೆಂದು ಕಾಣುವವರು ಈ ಮಾತನ್ನು ಗಮನಿಸಬೇಕು. ಒಳಗೆ ಓದು ಇಲ್ಲದವನ ಕೈಗೆ ಹೊರಗಿನ ಪುಸ್ತಕ ಬಂದರೆ ಅದು ಕಪಾಟನ್ನಷ್ಟೇ ಸೇರುತ್ತದೆ.

ರೇಷ್ಮೆಯ ಕತೆಯಲ್ಲಿ ಇದಕ್ಕೆ ಸಿಗುವಷ್ಟು ನಿಚ್ಚಳವಾದ ಸಾಕ್ಷ್ಯ ಬೇರೆಲ್ಲೂ ಸಿಗಲಾರದು. 1872ರಲ್ಲಿ ಜಪಾನ್ ಸರ್ಕಾರ ತೊಮಿಯೋಕಾ ಎಂಬಲ್ಲಿ ಮುನ್ನೂರು ಬೇಸಿನ್ನುಗಳ ದೊಡ್ಡ ರೇಷ್ಮೆ ಕಾರ್ಖಾನೆ ತೆರೆಯಿತು. ಯಂತ್ರ ಫ್ರಾನ್ಸಿನದು, ಕಟ್ಟಿದ ಮುಖ್ಯಸ್ಥ ಪಾಲ್ ಬ್ರೂನಾ ಎಂಬ ಫ್ರೆಂಚ್ ತಜ್ಞ. ಜಪಾನಿ ಹೆಣ್ಣುಮಕ್ಕಳ ಎತ್ತರಕ್ಕೆ ತಕ್ಕಂತೆ ಯಂತ್ರವನ್ನು ತಗ್ಗಿಸಿದ್ದು, ಅಲ್ಲಿನ ತೇವದ ಹವೆಗೆ ನೂಲು ಅಂಟಿಕೊಳ್ಳದಿರಲೆಂದು ಮತ್ತೊಮ್ಮೆ ಸುತ್ತುವ ವ್ಯವಸ್ಥೆ ಸೇರಿಸಿದ್ದು ಆತನೇ. ಕಾರ್ಖಾನೆಯಾಗಿ ತೊಮಿಯೋಕಾ ದೊಡ್ಡ ಲಾಭ ಮಾಡಲಿಲ್ಲ. 1893ರಲ್ಲಿ ಸರ್ಕಾರ ಅದನ್ನು ಮಿತ್ಸುಯಿ ಮನೆತನಕ್ಕೆ ಮಾರಿತು. ಬರೀ ಲಾಭನಷ್ಟ ನೋಡುವವರು ಇದನ್ನು ಸೋಲೆಂದೇ ಬರೆಯುತ್ತಾರೆ. ಆದರೆ ಅಲ್ಲಿ ಕಲಿತ ನೂರಾರು ಹೆಣ್ಣುಮಕ್ಕಳು ತಂತಮ್ಮ ಊರಿಗೆ ಮರಳಿ ಹೋಗಿ ಕಲಿಸಿದರು. ಆಮೇಲೆ ನಡೆದದ್ದೇ ನಿಜವಾದ ಕೆಲಸ. ಸುವಾ ಎಂಬ ಗುಡ್ಡಗಾಡಿನ ಸೀಮೆಯ ಸಣ್ಣ ಬಂಡವಾಳದ ರೀಲರುಗಳು ಫ್ರೆಂಚ್ ಯಂತ್ರವನ್ನು ಇದ್ದ ಹಾಗೆ ಕೊಳ್ಳಲಿಲ್ಲ, ಕೊಳ್ಳುವ ಶಕ್ತಿಯೂ ಅವರಿಗಿರಲಿಲ್ಲ. 1870ರ ದಶಕದ ನಡುವಿನಲ್ಲಿ ಅವರು ಫ್ರೆಂಚ್ ಪದ್ಧತಿಯ ಒಂದಿಷ್ಟು, ಇಟಲಿಯ ಪದ್ಧತಿಯ ಒಂದಿಷ್ಟು ತೆಗೆದುಕೊಂಡು, ಕಬ್ಬಿಣದ ಕಡೆ ಮರ ಹಾಕಿ, ಲೋಹದ ಬೇಸಿನ್ನಿನ ಬದಲು ತಮ್ಮ ಕುಂಬಾರರು ಮಾಡಿದ ಪಿಂಗಾಣಿ ಬೇಸಿನ್ ಇಟ್ಟು, ಅತಿ ಕಡಿಮೆ ಖರ್ಚಿನ ಯಂತ್ರ ಕಟ್ಟಿಕೊಂಡರು. ನೂಲು ಫ್ರಾನ್ಸಿನ ನೂಲಿನಷ್ಟು ನಯವಾಗಿರಲಿಲ್ಲ, ಆದರೆ ಅಮೆರಿಕದ ಕಾರ್ಖಾನೆಗಳು ಕೇಳುತ್ತಿದ್ದ ಏಕರೂಪತೆ ಅದರಲ್ಲಿತ್ತು. 1909ರ ಹೊತ್ತಿಗೆ ಕಚ್ಚಾ ರೇಷ್ಮೆಯ ರಫ್ತಿನಲ್ಲಿ ಜಪಾನ್ ಚೀನಾವನ್ನು ಹಿಂದೆ ಹಾಕಿತು. ಯಂತ್ರದ ಯಾವ ಭಾಗ ಅನಿವಾರ್ಯ, ಯಾವುದನ್ನು ಬದಲಿಸಿದರೂ ನಡೆಯುತ್ತದೆ ಎಂಬುದು ಆ ರೀಲರುಗಳಿಗೆ ಗೊತ್ತಿತ್ತು. ಅರಗಿಸಿಕೊಂಡಿದ್ದಾರೆಂದು ಹೇಳಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣದು.

ಮೈಸೂರಿನಲ್ಲಿ ಏನಾಯಿತು? ಆರಂಭ ತಡವೇನೂ ಆಗಿರಲಿಲ್ಲ. 1896ರಲ್ಲಿ ಜೆ.ಎನ್. ಟಾಟಾ ಬೆಂಗಳೂರಿನಲ್ಲಿ ರೇಷ್ಮೆ ಫಾರಂ ತೆರೆದು ಜಪಾನಿನ ಓಡ್ಜು ದಂಪತಿಯನ್ನು ಕರೆಸಿದರು; ಬಸವನಗುಡಿಯ ಪಕ್ಕದ ಟಾಟಾ ಸಿಲ್ಕ್ ಫಾರಂ ಎಂಬ ಬಡಾವಣೆಯ ಹೆಸರು ಅದರದೇ ನೆನಪು. 1910ರ ದಶಕದಲ್ಲಿ ಸಂಸ್ಥಾನ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ನೇಮಿಸಿಕೊಂಡಿತು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ವಿಟ್ಜರ್ಲೆಂಡಿನಿಂದ ತರಿಸಿದ ಹತ್ತು ಮಗ್ಗಗಳಿಂದ ಮೈಸೂರು ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಯಿತು. 1980ರಿಂದ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮವಾದ ಕೆಎಸ್‌ಐಸಿಯ ಕೈಯಲ್ಲಿದೆ. ಇವುಗಳಲ್ಲಿ ಎರಡು ಸಂಗತಿಗಳು ನಿಜವಾಗಿಯೂ ಒಳಗಿಳಿದವು ಎಂದು ಧೈರ್ಯವಾಗಿ ಹೇಳಬಹುದು. ಒಂದು, ತಳಿ. ಹೊರಗಿನ ಹುಳು ನಮ್ಮ ಬಿಸಿಲಿಗೆ ಬಾಳುವುದಿಲ್ಲ, ಮೈಸೂರು ತಳಿಯ ನೂಲು ಕಡಿಮೆ. ಎರಡನ್ನೂ ಕೂಡಿಸಿ ಮಿಶ್ರತಳಿಯ ಮೊಟ್ಟೆ ಮಾಡುವ ವಿದ್ಯೆ 1920ರ ದಶಕದಿಂದ ಇಲಾಖೆಯಿಂದ ರೈತನ ಹಟ್ಟಿಯವರೆಗೂ ಹರಿದು ಬಂತು. ಇನ್ನೊಂದು, ಸೀರೆ. ಬಂದದ್ದು ಸ್ವಿಸ್ ಮಗ್ಗ, ಹೊರಟದ್ದು ಮೈಸೂರು ಸಿಲ್ಕ್. ಹುರಿ ಹಾಕಿದ ನೂಲು, ಅಪ್ಪಟ ಜರಿ, ಸರಳ ಅಂಚು ಸೇರಿ ಅದು ಎಷ್ಟರ ಮಟ್ಟಿಗೆ ನಮ್ಮದಾಯಿತೆಂದರೆ 2005ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಈ ಎರಡರ ನಡುವಿನ ಕೆಲಸ, ಗೂಡನ್ನು ನೂಲಾಗಿಸುವ ಬಿಚ್ಚಾಣಿಕೆ, ಅದೇ ವೇಗದಲ್ಲಿ ಬೆಳೆಯಲಿಲ್ಲ. ಚರಕದಿಂದ ಕಾಟೇಜ್ ಬೇಸಿನ್ನಿಗೆ, ಅಲ್ಲಿಂದ ಮಲ್ಟಿ ಎಂಡ್ ಯಂತ್ರಕ್ಕೆ ಬಂದೆವು, ನಿಜ. ಆದರೆ ಆಗಲೇ ಜಪಾನ್ ಸ್ವಯಂಚಾಲಿತ ಯಂತ್ರಕ್ಕೆ ಹೋಗಿ, ಅದನ್ನು ನೋಡಿ ಕಲಿತ ಚೀನಾ ತನ್ನ ಯಂತ್ರ ಕಟ್ಟಿ, ಜಗತ್ತಿಗೆಲ್ಲ ಮಾರಲು ನಿಂತಿತ್ತು.

ಆ ಯಂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇಯಿಸಿದ ಗೂಡುಗಳಿಂದ ಎಳೆಗಳನ್ನು ಹಿಡಿದು, ಏಳೆಂಟು ಎಳೆ ಕೂಡಿಸಿ ಒಂದು ನೂಲು ಮಾಡುತ್ತಾರೆ. ಹೊರಗಿನ ಪದರದಲ್ಲಿ ದಪ್ಪಗಿರುವ ಎಳೆ ಒಳಗೆ ಹೋದಂತೆ ತೆಳುವಾಗುತ್ತದೆ. ಒಂದು ಗೂಡು ಮುಗಿದರೆ ತಕ್ಷಣ ಇನ್ನೊಂದರ ಎಳೆ ಸೇರಿಸದಿದ್ದರೆ ನೂಲು ಸಣ್ಣಗಾಗಿಬಿಡುತ್ತದೆ. ಕಾಟೇಜ್ ಬೇಸಿನ್ನಿನಲ್ಲಿ ಇದನ್ನು ಹೆಂಗಸಿನ ಕಣ್ಣು ಮತ್ತು ಬೆರಳು ಗಮನಿಸುತ್ತವೆ. ಸ್ವಯಂಚಾಲಿತ ಯಂತ್ರದಲ್ಲಿ ನೂಲು ಎರಡು ಗಾಜಿನ ಬಿಲ್ಲೆಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಹಾದುಹೋಗುತ್ತದೆ. ನೂಲು ಸರಿಯಾದ ದಪ್ಪವಿದ್ದರೆ ಉಜ್ಜುವಿಕೆಯ ಬಲಕ್ಕೆ ಆ ಬಿಲ್ಲೆ ಮೇಲೆಯೇ ನಿಂತಿರುತ್ತದೆ; ಸಣ್ಣಗಾದರೆ ಉಜ್ಜುವಿಕೆ ತಗ್ಗಿ ಅದು ಕೆಳಗೆ ಬೀಳುತ್ತದೆ, ಹೊಸ ಗೂಡು ತರುವ ಬುಟ್ಟಿಗೆ ಸಂಜ್ಞೆ ಹೋಗುತ್ತದೆ. ಇಡೀ ಯಂತ್ರದ ಬುದ್ಧಿ ಇರುವುದು ಈ ಸಣ್ಣ ಸಂದಿಯಲ್ಲಿ. ಆದರೆ ಆ ಬುದ್ಧಿ ಕೆಲವು ಸಂಗತಿಗಳನ್ನು ನಂಬಿಕೊಂಡಿದೆ: ಗೂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು, ಎಳೆ ಸಾವಿರ ಮೀಟರಿನ ಆಸುಪಾಸು ಉದ್ದವಿದೆ, ಗೂಡನ್ನು ಬಿಸಿಗಾಳಿಯಲ್ಲಿ ಹದವಾಗಿ ಒಣಗಿಸಲಾಗಿದೆ, ನೀರು ಮೃದುವಾಗಿದೆ, ಅಂಟು ಸಮವಾಗಿ ಕರಗಿದೆ. ಇವೆಲ್ಲ ಚೀನಾದ ಕಾರ್ಖಾನೆಯಲ್ಲಿ ಸಹಜವಾಗಿ ಒದಗುವ ಸ್ಥಿತಿಗಳು. ಇಲ್ಲಿ ಹತ್ತಾರು ರೈತರ ಹತ್ತಾರು ಬಗೆಯ ಗೂಡು ಮಾರುಕಟ್ಟೆಯಲ್ಲಿ ಒಂದಾಗುತ್ತದೆ, ಕೊಳವೆಬಾವಿಯ ಗಡಸು ನೀರು ಬೇಸಿನ್ನಿಗೆ ಬರುತ್ತದೆ, ಗೂಡಿನ ದೊಡ್ಡ ಪಾಲು ತೆಳು ಕವಚದ ಮಿಶ್ರತಳಿಯದು. ದ್ವಿತಳಿಗೆಂದು ಇಟ್ಟ ಶಾಖದಲ್ಲಿ ಮಿಶ್ರತಳಿಯ ಗೂಡು ಹೆಚ್ಚು ಬೆಂದು ಎಳೆ ಪದೇಪದೇ ಕಡಿಯುತ್ತದೆ. ಯಂತ್ರ ಕೆಟ್ಟಿದೆ ಎಂದು ಆಗ ಜನ ಹೇಳುತ್ತಾರೆ. ಕೆಟ್ಟಿರುವುದು ಯಂತ್ರವಲ್ಲ, ಅದು ನಂಬಿದ ಸ್ಥಿತಿ ಇಲ್ಲಿ ಇಲ್ಲ. ಅದನ್ನು ಪತ್ತೆಹಚ್ಚಿ, ಬೇಯಿಸುವ ಶಾಖವನ್ನೋ ನೀರನ್ನೋ ಗೂಡಿನ ವಿಂಗಡಣೆಯನ್ನೋ ಬದಲಿಸಬಲ್ಲ ಒಬ್ಬ ಮನುಷ್ಯ ಒಳಗಿರಬೇಕು. ಆ ಮನುಷ್ಯನಿಗೆ ಸಬ್ಸಿಡಿಯ ಪಟ್ಟಿಯಲ್ಲಿ ಜಾಗವಿಲ್ಲ.

ಇದೇ ರೇಷ್ಮೆಯಲ್ಲಿ, ಇದೇ ಮೈಸೂರಿನಲ್ಲಿ, ಎರಡನೆಯ ಬೆಲೆ ತೆತ್ತು ಗೆದ್ದ ಉದಾಹರಣೆಯೂ ಇದೆ. ದ್ವಿತಳಿ ಹುಳು ನಮ್ಮ ಸೆಕೆಗೆ ಆಗಿಬರುವುದಿಲ್ಲ ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. 1991ರಲ್ಲಿ ಜಪಾನಿನ ನೆರವು ಸಂಸ್ಥೆ ಜೈಕಾದ ಸಹಾಯದೊಂದಿಗೆ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ ಕೈಗೆತ್ತಿಕೊಂಡ ಯೋಜನೆ ಮೂರು ಹಂತಗಳಲ್ಲಿ 2007ರವರೆಗೆ ನಡೆಯಿತು. ಅಲ್ಲಿ ಜಪಾನಿನ ತಳಿಯನ್ನು ತಂದು ಹಂಚಿ ಕೈತೊಳೆದುಕೊಳ್ಳಲಿಲ್ಲ. ಜಪಾನಿನ ಕೂಡುತಳಿಗಳನ್ನು ಮೂಲವಾಗಿಟ್ಟುಕೊಂಡು, ನಮ್ಮ ಹವೆಯಲ್ಲಿ ತಲೆಮಾರು ತಲೆಮಾರು ಆರಿಸಿ, ಸಿಎಸ್‌ಆರ್ ಸಾಲಿನ ತಳಿಗಳನ್ನು ಕಟ್ಟಿದರು. ಸಿಎಸ್‌ಆರ್-2 ಮತ್ತು ಸಿಎಸ್‌ಆರ್-4ರ ಕೂಡುತಳಿ ರೈತರ ಬಾಯಲ್ಲಿ ಮನೆಮಾತಾಯಿತು. ಜೊತೆಗೆ ವಿ-1 ಹಿಪ್ಪುನೇರಳೆ, ಚಾಕಿ ಕೇಂದ್ರದಲ್ಲಿ ಎಳೆಹುಳು ಸಾಕಣೆ, ಎಲೆ ಬಿಡಿಸುವ ಬದಲು ರೆಂಬೆಯನ್ನೇ ಕೊಡುವ ಪದ್ಧತಿ, ಸೋಂಕು ನಿವಾರಣೆ, ಪ್ರತ್ಯೇಕ ಹುಳುಮನೆ. ಮೊದಲ ಹಂತ ಪ್ರಯೋಗಾಲಯದ್ದು, ಎರಡನೆಯದು ಆಯ್ದ ರೈತರ ಮನೆಯದು, ಮೂರನೆಯದು ವಿಸ್ತರಣೆಯದು. ಹದಿನಾರು ವರ್ಷ! ಮಾರುವವರಿಗೆ ಇಷ್ಟು ತಾಳ್ಮೆ ಇರುವುದಿಲ್ಲ, ಕೊಳ್ಳುವವರಿಗೆ ಇಷ್ಟು ಅವಧಿಯ ಬಜೆಟ್ ಇರುವುದಿಲ್ಲ. ಅದೃಷ್ಟಕ್ಕೆ ಇಲ್ಲಿ ಎರಡೂ ಕೂಡಿಬಂದವು. ಇಂದು ದ್ವಿತಳಿ ಗೂಡಿಗೆ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಬೆಲೆಯ ಹಿಂದೆ ಆ ಹದಿನಾರು ವರ್ಷಗಳಿವೆ. ನೂಲು ಬಿಚ್ಚುವ ಯಂತ್ರಕ್ಕೆ ಇಂಥ ಹದಿನಾರು ವರ್ಷಗಳನ್ನು ನಾವು ಯಾಕೆ ಕೊಡಲಿಲ್ಲ ಎಂಬುದು ಕೇಳಲೇಬೇಕಾದ ಪ್ರಶ್ನೆ.

ವಿದ್ಯುತ್ತಿನ ವಿಷಯದಲ್ಲಿ ಮೈಸೂರು ಸಂಸ್ಥಾನ ಈ ತಪ್ಪು ಮಾಡಲಿಲ್ಲ, ಮತ್ತು ಅದರ ಕುರುಹು ನಮ್ಮ ಜಿಲ್ಲೆಯ ಗಡಿಯಲ್ಲೇ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜನೆಯಾಗಿ 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಾಗ, ಜನರೇಟರುಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು. ಆ ಕಾಲಕ್ಕೆ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಆರಂಭದಲ್ಲಿ ಕೇಂದ್ರವನ್ನು ನಡೆಸಿದವರೂ ಅಮೆರಿಕನ್ನರೇ, ಅವರಲ್ಲಿ ಎಚ್.ಪಿ. ಗಿಬ್ಸ್ ಸಂಸ್ಥಾನದ ಮುಖ್ಯ ವಿದ್ಯುತ್ ಎಂಜಿನಿಯರಾಗಿಯೇ ಉಳಿದರು. ಹೊರಗಿನವನನ್ನು ತನ್ನ ನೌಕರನಾಗಿ ಇರಿಸಿಕೊಂಡು ಅವನ ಕೈಕೆಳಗೆ ತನ್ನವರನ್ನು ಬೆಳೆಸುವುದು ಸಂಸ್ಥಾನದ ಜಾಣ ನಡೆ. ಬೆಂಗಳೂರಿನಲ್ಲಿ 1911ರಲ್ಲಿ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯಾದ ಟಾಟಾ ಇನ್‌ಸ್ಟಿಟ್ಯೂಟಿನ ಪಾಠಗಳು ಆರಂಭವಾದಾಗ ವಿದ್ಯುತ್ ವಿಭಾಗವೂ ಇತ್ತು, 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1930ರ ದಶಕದಲ್ಲಿ ಟ್ರಾನ್ಸ್‌ಫಾರ್ಮರ್ ಮಾಡುವ ಸರ್ಕಾರಿ ಕಾರ್ಖಾನೆ ಬಂತು. ಅದೇ ಇಂದಿನ ಕವಿಕಾ. ಶಿವನಸಮುದ್ರವನ್ನು ಹಂತಹಂತವಾಗಿ 42 ಮೆಗಾವಾಟಿಗೆ ಏರಿಸಿದರು, ಶಿಂಷಾ ಕಟ್ಟಿದರು, 1948ರಲ್ಲಿ ಜೋಗದ ಕೇಂದ್ರ ನಡೆಯತೊಡಗಿತು. ಕೊಂಡದ್ದು ಒಂದು ವಿದ್ಯುತ್ ಕೇಂದ್ರ, ಅದರ ಬೆನ್ನಿಗೆ ಬೆಳೆಸಿದ್ದು ಒಂದು ಪೂರ್ಣ ಕಸುಬು.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಅರಗಿಸಿಕೊಂಡರೆ ಸಾಕೆ? ಅರಗಿಸಿಕೊಂಡ ಸಂಸ್ಥೆಗಳೂ ಮುಳುಗಿಲ್ಲವೆ? ಬೆಂಗಳೂರಿನ ಎಚ್‌ಎಂಟಿ 1953ರಲ್ಲಿ ಸ್ವಿಸ್ ಕಂಪನಿ ಓರ್ಲಿಕಾನಿನ ನೆರವಿನಿಂದ ಶುರುವಾಗಿ, ಕೆಲವೇ ವರ್ಷಗಳಲ್ಲಿ ಎರಡನೆಯ ಕಾರ್ಖಾನೆಯನ್ನು ತನ್ನ ಸಂಪನ್ಮೂಲದಿಂದಲೇ ಕಟ್ಟುವಷ್ಟು ಬಲಿಯಿತು. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಕೈಗಡಿಯಾರ ಮಾಡಿತು. ಒಂದು ತಲೆಮಾರಿನ ಮದುವೆಗಳಲ್ಲಿ ಅಳಿಯನ ಮುಂಗೈಗೆ ಎಚ್‌ಎಂಟಿಯೇ ಬೇಕಿತ್ತು. ಆದರೂ 2016ರಲ್ಲಿ ಗಡಿಯಾರದ ವಿಭಾಗ ಮುಚ್ಚುವ ತೀರ್ಮಾನವಾಯಿತು. ಮೈಸೂರಿನ ಐಡಿಯಲ್ ಜಾವಾ 1960ರಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಪರವಾನಗಿಯ ಮೇಲೆ ತಂದು, ಬಿಡಿಭಾಗಗಳನ್ನೆಲ್ಲ ಇಲ್ಲೇ ಮಾಡಲು ಕಲಿತು, ಯೆಜ್ಡಿ, ರೋಡ್‌ಕಿಂಗ್ ಎಂಬ ತನ್ನ ಹೆಸರಿನ ಗಾಡಿಗಳನ್ನು ರಸ್ತೆಗಿಳಿಸಿತು; 1996ರಲ್ಲಿ ಬಾಗಿಲು ಮುಚ್ಚಿತು. ಈ ಎರಡನ್ನೂ ಮುಂದಿಟ್ಟು, ಸ್ವಂತ ಅರಿವಿನ ಮಾತೆಲ್ಲ ಭಾವುಕತೆ, ಮಾರುಕಟ್ಟೆಯಲ್ಲಿ ಗೆಲ್ಲುವುದು ಬೇರೆಯೇ ವಿಷಯ ಎಂದು ಹೇಳುವವರಿದ್ದಾರೆ. ಸರ್ಕಾರಿ ಹಿಡಿತ, ಕಾರ್ಮಿಕ ವಿವಾದ, ಹೊಗೆಯ ನಿಯಮ, ಬಾಗಿಲು ತೆರೆದ ಮಾರುಕಟ್ಟೆ, ಹೀಗೆ ಕಾರಣಗಳು ಹಲವಿದ್ದವು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಎರಡರಲ್ಲೂ ಒಂದು ಸಮಾನ ಸಂಗತಿ ಕಾಣುತ್ತದೆ. ಅವು ಒಂದು ತಲೆಮಾರಿನ ತಂತ್ರಜ್ಞಾನವನ್ನು ಪೂರ್ತಿ ಕಲಿತವು, ಮುಂದಿನ ತಲೆಮಾರನ್ನು ಕಲಿಯುವ ಕೆಲಸವನ್ನು ಅಷ್ಟೇ ಶ್ರದ್ಧೆಯಿಂದ ಮಾಡಲಿಲ್ಲ. ಎಚ್‌ಎಂಟಿ ಕ್ವಾರ್ಟ್ಜ್ ಗಡಿಯಾರ ಮಾಡಿಯೂ ಸ್ಪ್ರಿಂಗಿನ ಗಡಿಯಾರದ ಮೇಲೆಯೇ ಭರವಸೆ ಇಟ್ಟಿತು. ಐಡಿಯಲ್ ಜಾವಾ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲೇ ನಿಂತಿತು. ಬೆಂಗಳೂರಿನ ಮಗ್ಗುಲಲ್ಲೇ, ಹೊಸೂರಿನಲ್ಲಿ, 1984ರಲ್ಲಿ ಹುಟ್ಟಿದ ಟೈಟಾನ್ ಫ್ರಾನ್ಸಿನ ಕಂಪನಿಯಿಂದ ಕ್ವಾರ್ಟ್ಜ್ ತಂತ್ರಜ್ಞಾನ ತಂದಿತು. ಎಚ್‌ಎಂಟಿಯಲ್ಲಿ ಪಳಗಿದ ಹಲವರು ಅಲ್ಲಿ ಸೇರಿದರು. 2002ರಲ್ಲಿ ಅದು ಹೊರತಂದ ಎಡ್ಜ್ ಗಡಿಯಾರದ ಒಳಯಂತ್ರದ ದಪ್ಪ 1.15 ಮಿಲಿಮೀಟರ್, ಅದನ್ನು ರೂಪಿಸಿದ್ದು ಟೈಟಾನಿನ ಸ್ವಂತ ಎಂಜಿನಿಯರುಗಳು. ಜನ ಅದೇ ಬಗೆಯವರು, ಊರು ಹತ್ತಿರದ್ದು, ಕಲಿಕೆಯನ್ನು ಮುಂದುವರಿಸಿದವರು ಯಾರು ಎಂಬುದಷ್ಟೇ ವ್ಯತ್ಯಾಸ. ಅರಗಿಸಿಕೊಳ್ಳುವ ಶಕ್ತಿ ಒಮ್ಮೆ ಬಂದು ಶಾಶ್ವತವಾಗಿ ಉಳಿಯುವ ಆಸ್ತಿ ಅಲ್ಲ. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ತಿದ್ದುತ್ತದೆ, ಕೆಡಹುವುದಿಲ್ಲ: ಎರಡನೆಯ ಬೆಲೆ ಒಂದೇ ಕಂತಿನಲ್ಲಿ ತೀರುವಂಥದಲ್ಲ.

ಕಂತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಎಚ್‌ಎಎಲ್‌ನ ಮಾರುತ್ ವಿಮಾನ ಸಾಕ್ಷಿ. 1956ರಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟಾಂಕ್ ಬೆಂಗಳೂರಿಗೆ ಬಂದರು. 1961ರ ಜೂನ್ 17ರಂದು ಮಾರುತ್ ಹಾರಿತು. ತಕ್ಕ ಎಂಜಿನ್ ಸಿಗದೆ ಅದು ತನ್ನ ಉದ್ದೇಶಿತ ವೇಗ ಮುಟ್ಟಲಿಲ್ಲ, ಆದರೂ 147 ವಿಮಾನಗಳು ತಯಾರಾದವು. ಆಮೇಲೆ ವಿನ್ಯಾಸಕರ ಆ ತಂಡಕ್ಕೆ ಅದೇ ಮಟ್ಟದ ಮುಂದಿನ ಯುದ್ಧವಿಮಾನದ ಕೆಲಸ ಸಿಗಲಿಲ್ಲ. ಹಲವು ವರ್ಷಗಳ ನಂತರ ತೇಜಸ್ ಶುರುವಾದಾಗ ಬಹಳಷ್ಟನ್ನು ಮತ್ತೆ ಮೊದಲಿಂದ ಕಲಿಯಬೇಕಾಯಿತು. ಅದು ಹಾರಿದ್ದು 2001ರ ಜನವರಿ 4ರಂದು. ಮಾರುತ್ ಮತ್ತು ತೇಜಸ್‌ಗಳ ಮೊದಲ ಹಾರಾಟಗಳ ನಡುವೆ ಸುಮಾರು ನಲವತ್ತು ವರ್ಷ. ಕಲಿತವರು ನಿವೃತ್ತರಾಗಿ ಮನೆಗೆ ಹೋಗಲು ಅಷ್ಟು ಕಾಲ ಧಾರಾಳವಾಗಿ ಸಾಕು.

ಇನ್ನೊಂದು ಆಕ್ಷೇಪ ಸರಳವಾದದ್ದು, ಆದ್ದರಿಂದಲೇ ಹೆಚ್ಚು ಕೇಳಿಬರುವುದು. ಎಲ್ಲರೂ ಎಲ್ಲ ಯಂತ್ರವನ್ನೂ ಬಿಚ್ಚಿ ನೋಡಬೇಕೆ? ಕೊಂಡು ಬಳಸಿ, ಕೆಟ್ಟರೆ ಕಂಪನಿಯವರನ್ನು ಕರೆದರಾಯಿತಲ್ಲ? ಅನೇಕ ಕಡೆ ಈ ಮಾತು ಸರಿ. ಕಚೇರಿಯ ಕಂಪ್ಯೂಟರು, ಲಾರಿಯ ಎಂಜಿನ್ನು, ತೂಕದ ಯಂತ್ರ ಎಲ್ಲಿಟ್ಟರೂ ಒಂದೇ ರೀತಿ ನಡೆಯುತ್ತವೆ. ಅವುಗಳ ಒಳಗುಟ್ಟು ತಿಳಿಯಲು ಪ್ರತಿ ಊರಿನ ವ್ಯಾಪಾರಿ ಹೆಣಗಬೇಕಿಲ್ಲ. ಆದರೆ ಯಂತ್ರ ಮುಟ್ಟುವುದು ನೆಲದ ಕಲ್ಲನ್ನೋ ಬೆಳೆಯನ್ನೋ ಹುಳುವನ್ನೋ ಆದಾಗ ಮಾತು ಬದಲಾಗುತ್ತದೆ. ಚಾಮರಾಜನಗರದ ಕರಿಕಲ್ಲು ಇದಕ್ಕೆ ಚೆನ್ನಾದ ನಿದರ್ಶನ. ಗ್ರಾನೈಟ್ ಗಣಿಗಳಲ್ಲಿ ಬೆಂಕಿಯ ಜೆಟ್‌ನಿಂದ ಕಲ್ಲು ಸೀಳುವ ವಿಧಾನ ಹಲವೆಡೆ ಚಾಲ್ತಿಗೆ ಬಂತು. ಕಲ್ಲಿನಲ್ಲಿರುವ ಸ್ಫಟಿಕದ ಹರಳು ಶಾಖಕ್ಕೆ ಹಿಗ್ಗಿ ಸಿಡಿಯುವುದೇ ಅದರ ಗುಟ್ಟು. ನಮ್ಮ ಕರಿಕಲ್ಲು ಭೂವಿಜ್ಞಾನಿಗಳು ಡಾಲರೈಟ್ ಎನ್ನುವ ಜಾತಿಯದು, ಅದರಲ್ಲಿ ಆ ಹರಳು ಇಲ್ಲವೆನ್ನುವಷ್ಟು ಕಡಿಮೆ, ಜೆಟ್ಟಿಗೆ ಅದು ಜಗ್ಗದು. ವಜ್ರದ ಮಣಿ ಪೋಣಿಸಿದ ತಂತಿಯ ಗರಗಸ ಇಟಲಿಯ ಕರಾರಾದಲ್ಲಿ ಅಮೃತಶಿಲೆಗೆಂದು ಬಳಕೆಗೆ ಬಂದದ್ದು. ಅಲ್ಲಿ ಮಣಿಗಳ ನಡುವೆ ಸ್ಪ್ರಿಂಗ್ ಇಟ್ಟರೆ ಸಾಕಿತ್ತು, ಗಡಸು ಕಲ್ಲಿಗೆ ಬಂದಾಗ ತಂತಿಯ ಮೇಲೆ ರಬ್ಬರೋ ಪ್ಲಾಸ್ಟಿಕ್ಕೋ ಹೊದಿಸಬೇಕಾಯಿತು, ಮಣಿಯ ಲೋಹದ ಹದವನ್ನೇ ಬೇರೆ ಮಾಡಬೇಕಾಯಿತು. ಯಾವ ಕಲ್ಲಿಗೆ ಯಾವ ಮಣಿ, ಎಷ್ಟು ನೀರು, ಎಷ್ಟು ಎಳೆತ ಎಂಬುದನ್ನು ಕರಾರಾದ ಕೈಪಿಡಿ ಚಾಮರಾಜನಗರದ ಕಲ್ಲಿಗೆ ಹೇಳಿಕೊಡುವುದಿಲ್ಲ. ಕ್ವಾರಿಯಲ್ಲಿ ನಿಂತು ತಂತಿಯ ಸದ್ದನ್ನೇ ಕೇಳಿ ಎಳೆತ ಸಡಿಲಿಸುವ ಕೆಲಸಗಾರನಿಗೆ ಅದು ಗೊತ್ತು. ಅವನಿಗೆ ಗೊತ್ತಿರುವುದನ್ನು ಬರೆದಿಡುವ, ಅವನಿಗೆ ತಕ್ಕ ಸಂಬಳ ಕೊಟ್ಟು ಉಳಿಸಿಕೊಳ್ಳುವ ಪದ್ಧತಿ ಅಪರೂಪ. ಅವನು ಬೇರೆ ಕ್ವಾರಿಗೆ ಹೋದ ದಿನ ಆ ಅರಿವೂ ಅವನೊಂದಿಗೆ ಹೊರಡುತ್ತದೆ.

ಸಣ್ಣ ಘಟಕಗಳಿಗೆ ಇದೆಲ್ಲ ಎಟಕುವುದಿಲ್ಲ ಎಂಬ ಮಾತೂ ಇದೆ. ಹತ್ತು ಬೇಸಿನ್ನಿನ ರೀಲರು ಪ್ರಯೋಗಾಲಯ ಇಟ್ಟುಕೊಳ್ಳಲಾರ, ಒಪ್ಪಿದೆ. ಆದರೆ ಸುವಾದ ರೀಲರುಗಳೂ ಸಣ್ಣವರೇ ಆಗಿದ್ದರು. ಅವರು ಒಟ್ಟುಗೂಡಿ ನೂಲನ್ನು ಮರುಸುತ್ತಿ, ಪರೀಕ್ಷಿಸಿ, ಒಂದೇ ಗುರುತಿನಡಿ ರಫ್ತು ಮಾಡಿದರು, ಕಲಿಕೆಯನ್ನು ಹಂಚಿಕೊಂಡರು. ನಮ್ಮಲ್ಲೂ ರಾಮನಗರದ ಲೇತ್ ಅಂಗಡಿಗಳಲ್ಲಿ ಬೇಸಿನ್ನಿನ ಬಿಡಿಭಾಗ ಕಡೆದು ಕೊಡುವ ಮೆಕ್ಯಾನಿಕ್ಕುಗಳಿದ್ದಾರೆ, ಬೆಂಗಳೂರಿನಲ್ಲಿ 1983ರಿಂದ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ಮಲ್ಟಿ ಎಂಡ್ ಯಂತ್ರ ದೇಶದಲ್ಲೇ ತಯಾರಾಗಿ ಹರಡಿದ್ದು ಇಂಥ ಸಂಸ್ಥೆ ಮತ್ತು ಇಂಥ ಅಂಗಡಿಗಳ ನಡುವಿನ ಓಡಾಟದಿಂದಲೇ. ಕೊರತೆ ಇರುವುದು ಗಾತ್ರದ್ದಲ್ಲ, ಆ ಓಡಾಟವನ್ನು ನಿತ್ಯದ ಕೆಲಸವಾಗಿಸುವ ವ್ಯವಸ್ಥೆಯದು.

ಅರಿವು ಹತ್ತಿರದಲ್ಲಿದ್ದ ಮಾತ್ರಕ್ಕೆ ಅದು ದಕ್ಕುವುದಿಲ್ಲ ಎನ್ನುವುದಕ್ಕೆ ನಮ್ಮ ಸೀಮೆಗೆ ಚುರುಕು ಮುಟ್ಟಿಸುವ ಉದಾಹರಣೆಯೊಂದಿದೆ. ಗುಂಡ್ಲುಪೇಟೆ, ಹರವೆ, ತೆರಕಣಾಂಬಿ ಕಡೆ ಅರಿಶಿನ ಬೆಳೆಯುತ್ತೇವೆ, ಚೆಂಡುಮಲ್ಲಿಗೆ ಬೆಳೆಯುತ್ತೇವೆ. ಅರಿಶಿನವನ್ನು ಬೇಯಿಸಿ, ಒಣಗಿಸಿ, ಈರೋಡಿನ ಮಂಡಿಗೆ ಸಾಗಿಸುತ್ತೇವೆ. ಹೂವು ಬಣ್ಣದ ಸತ್ವ ತೆಗೆಯುವ ಕಂಪನಿಗಳ ಲಾರಿ ಹತ್ತುತ್ತದೆ. ಸಾಂಬಾರ ಪದಾರ್ಥಗಳಿಂದ ದ್ರಾವಕದ ಮೂಲಕ ಓಲಿಯೋರೆಸಿನ್ ಎಂಬ ಗಟ್ಟಿ ಸತ್ವ ತೆಗೆಯುವ ವಿಧಾನವನ್ನು ಈ ದೇಶದಲ್ಲಿ ಮೊದಲಿಗೆ ರೂಪಿಸಿದ ಸಂಸ್ಥೆಗಳಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ಮುಖ್ಯವಾದದ್ದು; 1950ರಲ್ಲಿ ಆರಂಭವಾದ ಆ ಸಂಸ್ಥೆ ಗುಂಡ್ಲುಪೇಟೆಯಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಅಲ್ಲಿನ ತಂತ್ರಜ್ಞಾನವನ್ನು ಪಡೆದು 1972ರಲ್ಲಿ ಕೇರಳದ ಕೋಲೆಂಚೇರಿಯಲ್ಲಿ ಸಿಂಥೈಟ್ ಕಂಪನಿ ಶುರುವಾಯಿತು. ಇಂದು ಓಲಿಯೋರೆಸಿನ್ ತಯಾರಿಕೆಯಲ್ಲಿ ಅದು ಜಗತ್ತಿನ ಮುಂಚೂಣಿಯಲ್ಲಿದೆ. ಬೆಳೆ ನಮ್ಮ ಹೊಲದಲ್ಲಿ, ವಿದ್ಯೆ ನಮ್ಮ ಪಕ್ಕದ ಊರಿನಲ್ಲಿ, ಉದ್ಯಮ ಎದ್ದದ್ದು ಘಟ್ಟದ ಆಚೆ. ಇದನ್ನು ಕೇರಳದವರ ಚಾಲಾಕಿತನವೆಂದೋ ನಮ್ಮ ದುರದೃಷ್ಟವೆಂದೋ ಬಗೆಯುವುದು ತಪ್ಪು. ಪ್ರಯೋಗಾಲಯದ ವಿಧಾನ ಕೈಗೆ ಬಂದ ಮೇಲೆ ಅದನ್ನು ದೊಡ್ಡ ಪ್ರಮಾಣಕ್ಕೆ ಹಿಗ್ಗಿಸಬೇಕು, ಸತ್ವದಲ್ಲಿ ಉಳಿಯುವ ದ್ರಾವಕವನ್ನು ಕೊಳ್ಳುವ ದೇಶದ ನಿಯಮಕ್ಕೆ ಇಳಿಸಬೇಕು, ಪ್ರತಿ ಬ್ಯಾಚಿನ ಬಣ್ಣ ಮತ್ತು ಘಾಟನ್ನು ಒಂದೇ ಮಟ್ಟಕ್ಕೆ ತರಬೇಕು. ಆ ಕಲಿಕೆಗೆ ಹಣ ಮತ್ತು ವರ್ಷಗಳನ್ನು ಹಾಕಲು ಯಾರು ತಯಾರಿದ್ದರೋ ಅವರ ಮನೆಗೆ ತಂತ್ರಜ್ಞಾನ ಹೋಯಿತು.

ಈಗ ಚಾಮರಾಜನಗರದ ಪಕ್ಕದ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶಕ್ಕೆ ಕಂಪನಿಗಳು ಬರತೊಡಗಿವೆ. ಬಿರ್ಲಾ ಓಪಸ್ ಬಣ್ಣದ ಆರು ಕಾರ್ಖಾನೆಗಳಲ್ಲಿ ಒಂದು ಚಾಮರಾಜನಗರದಲ್ಲಿದೆ. ಇವುಗಳ ವಿಷಯದಲ್ಲಿ ಜನಪ್ರತಿನಿಧಿಗಳು ಕೇಳುವುದು ಎಷ್ಟು ಮಂದಿ ಸ್ಥಳೀಯರಿಗೆ ಕೆಲಸ ಎಂದು. ಅದು ನ್ಯಾಯವಾದ ಪ್ರಶ್ನೆ, ಆದರೆ ಅರ್ಧ ಪ್ರಶ್ನೆ. ಗೇಟಿನ ಕಾವಲು, ಪ್ಯಾಕಿಂಗು, ಲೋಡಿಂಗು ಕೂಡ ಕೆಲಸವೇ. ಅವುಗಳಿಂದ ಸಂಬಳ ಬರುತ್ತದೆ, ವಿದ್ಯೆ ಬರುವುದಿಲ್ಲ. ನಿರ್ವಹಣೆ, ಗುಣಮಟ್ಟ ಪರೀಕ್ಷೆ, ಸಂಸ್ಕರಣೆಯ ವಿಭಾಗಗಳಲ್ಲಿ ಈ ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಎಷ್ಟು ಮಂದಿ ಇದ್ದಾರೆ, ಐದು ವರ್ಷದ ನಂತರವೂ ಅವರು ಅಲ್ಲೇ ಇದ್ದಾರೆಯೆ ಎಂದೂ ಕೇಳಬೇಕು. ರೇಷ್ಮೆ ಇಲಾಖೆ ಒಂದು ಸ್ವಯಂಚಾಲಿತ ಯಂತ್ರಕ್ಕೆ ಸಬ್ಸಿಡಿ ಕೊಡುವಾಗ, ಆ ಮೊತ್ತದ ಒಂದು ಭಾಗವನ್ನು ಗೂಡು ಬೇಯಿಸುವ ತಂತ್ರಜ್ಞನ ಮೂರು ವರ್ಷದ ಸಂಬಳಕ್ಕೂ ಸುತ್ತಲಿನ ರೀಲರುಗಳೆಲ್ಲ ಬಳಸಬಹುದಾದ ನೀರಿನ ಪರೀಕ್ಷೆಗೂ ಕಡ್ಡಾಯವಾಗಿ ಮೀಸಲಿಡಬಹುದು. ಸಂತೇಮರಹಳ್ಳಿಯ ಕೆಎಸ್‌ಐಸಿ ನೂಲು ಕಾರ್ಖಾನೆಯನ್ನು ನೂಲಿನ ಘಟಕವಾಗಿ ಮಾತ್ರ ನೋಡದೆ, ತೊಮಿಯೋಕಾದ ಹಾಗೆ ಸುತ್ತಲಿನ ಖಾಸಗಿ ರೀಲರುಗಳು ಬಂದು ಕಲಿಯುವ ಜಾಗವಾಗಿಸಿದರೆ ಅದರ ಲಾಭನಷ್ಟದ ಲೆಕ್ಕವನ್ನೇ ಬೇರೆ ರೀತಿ ಬರೆಯಬೇಕಾಗುತ್ತದೆ. ಇಂಥ ಷರತ್ತುಗಳನ್ನು ಸಬ್ಸಿಡಿಯ ಆದೇಶದಲ್ಲಿ ಸೇರಿಸಲು ಹೊಸ ಕಾನೂನು ಬೇಕಿಲ್ಲ. ಮುಂದಿನ ಸಾಲಿನ ಮಾರ್ಗಸೂಚಿ ಬರೆಯುವಾಗ ಎರಡು ಪ್ಯಾರಾ ಹೆಚ್ಚು ಬರೆದರೆ ಸಾಕು.